ಕೊಲೆ ಕಲಿಸಿದ ಪುಸ್ತಕ: ಪ್ರಕಾಶಕರ ಹೊಣೆ ಎಲ್ಲಿಂದ ಶುರು?

ಒಬ್ಬ ಅಂಚೆಯಲ್ಲಿ ಒಂದು ಪುಸ್ತಕ ತರಿಸಿಕೊಳ್ಳುತ್ತಾನೆ. ದುಡ್ಡು ತಗೊಂಡು ಕೊಲೆ ಮಾಡುವುದು ಹೇಗೆ ಅಂತ ಅದರಲ್ಲಿ ಹಂತ ಹಂತವಾಗಿ ಬರೆದಿದೆ. ಒಂದು ವರ್ಷ ಕಳೆದ ಮೇಲೆ ಅವನು ಮೂವರನ್ನು ಕೊಲ್ಲುತ್ತಾನೆ. ಕೊಂದವನಿಗೆ ಶಿಕ್ಷೆ ಆಗುತ್ತದೆ. ಸುಪಾರಿ ಕೊಟ್ಟವನಿಗೂ ಆಗುತ್ತದೆ. ಆ ಪುಸ್ತಕವನ್ನು ಅಚ್ಚು ಹಾಕಿ ಮಾರಿದವರನ್ನೂ ಕೋರ್ಟಿಗೆ ಎಳೆಯಬಹುದಾ?

1990ರ ದಶಕದಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ನಿಜವಾಗಿಯೇ ಕೋರ್ಟಿನ ಮುಂದೆ ಬಂತು. ವಾಕ್ ಸ್ವಾತಂತ್ರ್ಯದ ಬಗ್ಗೆ ಕಾಳಜಿ ಇರುವವರೆಲ್ಲ ಓದಬೇಕಾದ ಮೊಕದ್ದಮೆ ಇದು. ಕಷ್ಟದ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರಿಬ್ಬರಿಗೂ ಇದು ಅಡ್ಡ ಬರುತ್ತದೆ. "ಪುಸ್ತಕ ಏನೂ ಮಾಡಲ್ಲ, ಮನುಷ್ಯ ಮಾಡ್ತಾನೆ" ಅನ್ನುವವರಿಗೂ, "ಇಂಥ ಪುಸ್ತಕ ಇರಲೇಬಾರದು" ಅನ್ನುವವರಿಗೂ. ಸತ್ತವರ, ಕೊಂದವರ, ಲೇಖಕಿಯ, ಪ್ರಕಾಶಕರ ಹೆಸರುಗಳನ್ನು, ಪುಸ್ತಕದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಮುಖ್ಯವಾಗುವುದು ಯಾರು ಅನ್ನುವುದಲ್ಲ, ಯಾವ ಹಂತದಲ್ಲಿ ಯಾವ ನಿರ್ಧಾರ ಆಯಿತು ಅನ್ನುವುದು. ಪುಸ್ತಕದಲ್ಲಿ ಹೇಳಿಕೊಟ್ಟ ವಿಧಾನಗಳನ್ನೂ ಇಲ್ಲಿ ಬರೆಯುವುದಿಲ್ಲ.

ಹಿನ್ನೆಲೆ

ಮೇರಿಲ್ಯಾಂಡ್ ರಾಜ್ಯದಲ್ಲಿ ಒಬ್ಬ ತಾಯಿ, ಎಂಟು ವರ್ಷದ ಮಗನೊಂದಿಗೆ ಇದ್ದಳು. ಮಗುವಿಗೆ ಆಸ್ಪತ್ರೆಯಲ್ಲಿ ಆದ ಅನಾಹುತದಿಂದ ಕೈಕಾಲು ಸ್ವಾಧೀನ ಇರಲಿಲ್ಲ. ಮನೆಯಲ್ಲೇ ನರ್ಸ್ ಇಟ್ಟು ನೋಡಿಕೊಳ್ಳಬೇಕಿತ್ತು. ಆ ಅನಾಹುತಕ್ಕೆ ಪರಿಹಾರವಾಗಿ ಮಗುವಿನ ಹೆಸರಿಗೆ ಸುಮಾರು 20 ಲಕ್ಷ ಡಾಲರ್ ಬಂದಿತ್ತು. ತಾಯಿ ಮತ್ತು ಮಗು ಇಬ್ಬರೂ ಇಲ್ಲವಾದರೆ ಆ ಹಣ ತನಗೆ ಸೇರುತ್ತದೆ ಅಂತ ಲೆಕ್ಕ ಹಾಕಿದವನು ಮಗುವಿನ ತಂದೆ. ಅವನು ಆಗಲೇ ಹೆಂಡತಿಯಿಂದ ದೂರವಾಗಿದ್ದ. ಅವನು ಬೇರೆ ಊರಿನ ಒಬ್ಬನಿಗೆ ಸುಪಾರಿ ಕೊಟ್ಟ. 1993ರ ಮಾರ್ಚ್ ತಿಂಗಳ ಒಂದು ರಾತ್ರಿ ತಾಯಿ, ಮಗು, ಆ ಹೊತ್ತು ಕೆಲಸದಲ್ಲಿದ್ದ ನರ್ಸ್ ಮೂವರೂ ಕೊಲೆಯಾದರು.

ಪೊಲೀಸರು ಬಹಳ ತಾಳ್ಮೆಯಿಂದ ಕೇಸು ಕಟ್ಟಿದರು. ಕೊಂದವನಿಗೆ ಮೊದಲು ಮರಣದಂಡನೆ ಆಯಿತು. ಮುಂದೆ ಮರುವಿಚಾರಣೆ ನಡೆದು ಅದು ಜೀವಾವಧಿಯಾಗಿ ಬದಲಾಯಿತು. ತಂದೆಗೂ ಜೀವಾವಧಿ ಆಯಿತು. ಕ್ರಿಮಿನಲ್ ಕೇಸಿನ ಮಟ್ಟಿಗೆ ಕಥೆ ಅಷ್ಟೇ.

ತನಿಖೆಯಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಕೊಲೆಗಾರ 1992ರ ಜನವರಿಯಲ್ಲೇ ಕೊಲೊರಾಡೋದ ಒಂದು ಪ್ರಕಾಶನ ಸಂಸ್ಥೆಯಿಂದ ಎರಡು ಪುಸ್ತಕ ತರಿಸಿಕೊಂಡಿದ್ದ. ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದ್ದ. ಅದರಲ್ಲಿ ಒಂದು ಸುಪಾರಿ ಹಂತಕನಿಗೆ ಬರೆದ ಕೈಪಿಡಿ. 1983ರಲ್ಲಿ ಗುಪ್ತನಾಮದಲ್ಲಿ ಬಂದದ್ದು. ಸುಮಾರು 13,000 ಪ್ರತಿ ಮಾರಾಟವಾಗಿತ್ತು. ಗಿರಾಕಿ ಹುಡುಕುವುದರಿಂದ ಹಿಡಿದು ಕೆಲಸ ಮುಗಿಸಿ ತಪ್ಪಿಸಿಕೊಳ್ಳುವ ತನಕ ಎಲ್ಲವೂ ಅದರಲ್ಲಿತ್ತು. ಕೊಲೆ ನಡೆದ ರೀತಿಯನ್ನೂ ಪುಸ್ತಕದ ಸೂಚನೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದಲ್ಲ ಎರಡಲ್ಲ, ಸಾಲು ಸಾಲಾಗಿ ಹೊಂದಿಕೆ ಕಂಡಿತು. ಮುಂದೆ ಮೇಲ್ಮನವಿ ಕೋರ್ಟು ತನ್ನ ತೀರ್ಪಿನಲ್ಲಿ ಆ ಹೊಂದಿಕೆಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿತು.

ಲೇಖಕಿಗೆ ಅಂಥ ಕೆಲಸದ ಅನುಭವ ಇರಲಿಲ್ಲ ಅಂತ ಆಮೇಲೆ ವರದಿಯಾಯಿತು. ಅವಳು ಮಕ್ಕಳಿದ್ದ ಒಬ್ಬ ಸಾಮಾನ್ಯ ಗೃಹಿಣಿ. ಮೊದಲು ಬರೆದದ್ದು ಕಾದಂಬರಿ. ಅದನ್ನು "ಹೇಗೆ ಮಾಡುವುದು" ಧಾಟಿಯ ಪುಸ್ತಕ ಮಾಡಿಕೊಡಿ ಅಂದದ್ದು ಪ್ರಕಾಶಕರು. ಈ ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದೇ ವಿಷಯ ಕಾದಂಬರಿಯಾಗಿ ಹೊರಗೆ ಬಂದಿದ್ದರೆ ಈ ಮೊಕದ್ದಮೆಯೇ ಇರುತ್ತಿರಲಿಲ್ಲ. ಮಾಹಿತಿ ಅಷ್ಟೇ, ಹೆಚ್ಚುಕಮ್ಮಿ ಅದೇ. ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ ಅನ್ನುವುದು ಬದಲಾಯಿತು.

ಸಮಸ್ಯೆ ಎಲ್ಲಿತ್ತು

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ವಾಕ್ ಸ್ವಾತಂತ್ರ್ಯಕ್ಕೆ ಕೊಡುವ ರಕ್ಷಣೆ ಬಹಳ ಗಟ್ಟಿ. ಅಪರಾಧವನ್ನು ಹೊಗಳುವ ಮಾತಿಗೂ ಅಲ್ಲಿ ರಕ್ಷಣೆ ಇದೆ. 1969ರಲ್ಲಿ ಬ್ರ್ಯಾಂಡೆನ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಕೊಟ್ಟಿತು. ಓಹಾಯೋ ರಾಜ್ಯದಲ್ಲಿ, ಬಿಳಿಯರೇ ಶ್ರೇಷ್ಠ ಅನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮುಖಂಡನೊಬ್ಬ ಸಭೆಯಲ್ಲಿ ಆಡಿದ ಮಾತಿಗೆ ಶಿಕ್ಷೆಯಾಗಿತ್ತು. ಕೋರ್ಟು ಅದನ್ನು ರದ್ದು ಮಾಡಿತು. ಮಾತಿಗೆ ಶಿಕ್ಷೆ ಕೊಡಬೇಕಾದರೆ ಆ ಮಾತು ತಕ್ಷಣವೇ ಕಾನೂನು ಮುರಿಯುವಂತೆ ಕೆರಳಿಸುವ ಗುರಿ ಇಟ್ಟಿರಬೇಕು, ಹಾಗೆ ಆಗುವ ಸಾಧ್ಯತೆಯೂ ನಿಜವಾಗಿ ಇರಬೇಕು ಅಂತ ಹೇಳಿತು.

ಒಳ್ಳೆಯ ಅಳತೆಗೋಲು ಅದು. ಸರ್ಕಾರಕ್ಕೆ ಇಷ್ಟವಿಲ್ಲದ ಭಾಷಣಕಾರರನ್ನು ಸುಮ್ನೆ ಒಳಗೆ ಹಾಕುವುದನ್ನು ಅದು ತಡೆಯಿತು. ಆದರೆ ಅದನ್ನು ರೂಪಿಸಿದ್ದು ಸಭೆಯಲ್ಲಿ ಗುಂಪನ್ನು ಕೆರಳಿಸುವ ಮಾತಿಗೆ. ಕೈಪಿಡಿ ಹಾಗೆ ಕೆಲಸ ಮಾಡುವುದಿಲ್ಲ. ಓದುವವನು ಮನೆಯಲ್ಲಿ ಒಬ್ಬನೇ ಕೂತು ಓದುತ್ತಾನೆ, ಯೋಚಿಸುತ್ತಾನೆ, ತಯಾರಿ ಮಾಡುತ್ತಾನೆ. ಈ ಕೇಸಿನಲ್ಲಿ ಪುಸ್ತಕ ಕೊಂಡದ್ದಕ್ಕೂ ಕೊಲೆಗೂ ನಡುವೆ ಒಂದು ವರ್ಷಕ್ಕೂ ಜಾಸ್ತಿ ಅಂತರ ಇತ್ತು. "ತಕ್ಷಣ" ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಆ ಅಳತೆಗೋಲು ಹಿಡಿದರೆ ಯಾವ ಕೈಪಿಡಿಯೂ ಯಾವತ್ತೂ ಸಿಕ್ಕಿಬೀಳುವುದಿಲ್ಲ. ಎಷ್ಟು ನಿಧಾನವಾಗಿ, ಎಷ್ಟು ವಿವರವಾಗಿ ಕಲಿಸುತ್ತದೋ ಅಷ್ಟು ಭದ್ರ.

ಇನ್ನೊಂದು ಕಡೆ ಹಳೆಯ ಕಾನೂನೊಂದಿತ್ತು. ಅಪರಾಧಕ್ಕೆ ಗೊತ್ತಿದ್ದೂ ನೆರವು ಕೊಟ್ಟವನು ಅಪರಾಧದಲ್ಲಿ ಪಾಲುದಾರ. ಆ ನೆರವು ಬರೀ ಮಾತಿನ ರೂಪದಲ್ಲಿದ್ದರೂ ಸರಿ. ಬ್ಯಾಂಕ್ ತಿಜೋರಿ ಒಡೆಯಲು ಹೊರಟವನಿಗೆ ಅದನ್ನು ತೆಗೆಯುವ ರೀತಿ ಹೇಳಿಕೊಟ್ಟವನು "ನಾನು ಬರೀ ಮಾತಾಡಿದೆ" ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1949ರಲ್ಲೇ ಸುಪ್ರೀಂ ಕೋರ್ಟ್, ಅಪರಾಧದ ಅವಿಭಾಜ್ಯ ಭಾಗವಾದ ಮಾತಿಗೆ ಮೊದಲ ತಿದ್ದುಪಡಿಯ ಆಸರೆ ಇಲ್ಲ ಎಂದಿತ್ತು. 1982ರಲ್ಲಿ ಒಂದು ಮೇಲ್ಮನವಿ ಕೋರ್ಟು ಮಾದಕ ವಸ್ತು ತಯಾರಿಸುವ ವಿಧಾನವನ್ನು ಅಂಚೆಯಲ್ಲಿ ಮಾರುತ್ತಿದ್ದವನಿಗೆ ವಾಕ್ ಸ್ವಾತಂತ್ರ್ಯದ ನೆಪ ನಡೆಯುವುದಿಲ್ಲ ಅಂತ ಹೇಳಿತ್ತು. ತೆರಿಗೆ ಕದಿಯುವುದನ್ನು ಹೇಳಿಕೊಡುವ ಸಭೆಗಳ ಮೇಲೂ ಕೇಸುಗಳಾಗಿದ್ದವು.

ಅಂಥ ಕೇಸುಗಳಲ್ಲಿ ಕೆಲವು ಕಡೆ ನೆರವು ಕೊಟ್ಟವನಿಗೆ ಪಡೆದವನ ಜೊತೆ ನೇರ ಸಂಪರ್ಕ ಇತ್ತು. ಈ ಪ್ರಕಾಶಕರಿಗೆ ಕೊಲೆಗಾರ ಯಾರು ಅಂತಲೇ ಗೊತ್ತಿರಲಿಲ್ಲ. ಅವನು 13,000 ಕೊಂಡವರಲ್ಲಿ ಒಬ್ಬ. ಸತ್ತವರ ಪರಿಚಯವಂತೂ ಇರಲೇ ಇಲ್ಲ. ಇದು ಬರೀ ಮಾತಾ, ಅಥವಾ ನೆರವಾ? ಪ್ರಶ್ನೆ ಅದು.

ಮಾಡಿದ ಪ್ರಯತ್ನಗಳು, ತೆಗೆದುಕೊಂಡ ನಿರ್ಧಾರಗಳು

ಸತ್ತವರ ಬಂಧುಗಳು ಪ್ರಕಾಶಕರ ಮೇಲೆ ಸಿವಿಲ್ ದಾವೆ ಹೂಡಿದರು. ಸರ್ಕಾರ ಅವರ ಮೇಲೆ ಕ್ರಿಮಿನಲ್ ಕೇಸು ಹಾಕಿರಲಿಲ್ಲ. ಪುಸ್ತಕ ನಿಷೇಧಿಸಿ ಅಂತ ಬಂಧುಗಳು ಕೇಳಲಿಲ್ಲ. ಈ ಸಾವುಗಳಿಗೆ ನೀವೂ ಹೊಣೆ, ಪರಿಹಾರ ಕೊಡಿ ಅಂದರು. ನಿಷೇಧ ಕೇಳಿದ್ದರೆ ಮೊಕದ್ದಮೆ ಮೊದಲ ದಿನವೇ ಮುಗಿಯುತ್ತಿತ್ತು ಅಂತ ನನ್ನ ಅಂದಾಜು. ಪ್ರಕಟಣೆಗೆ ಮುಂಚೆಯೇ ತಡೆ ಹಾಕುವುದನ್ನು ಅಮೆರಿಕದ ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. ಮಾತಾಡಿದ ಮೇಲೆ ಅದರ ಪರಿಣಾಮಕ್ಕೆ ಹೊಣೆ ಕೇಳುವುದು ಬೇರೆ ವಿಚಾರ.

ಬಂಧುಗಳ ವಕೀಲರು ವಾಕ್ ಸ್ವಾತಂತ್ರ್ಯದ ಕಾನೂನಿನಲ್ಲಿ ಹೆಸರಾದ ಒಬ್ಬ ಪ್ರಾಧ್ಯಾಪಕರ ಬಳಿ ಹೋದರು. ಅವರು ತಮ್ಮ ವೃತ್ತಿಯುದ್ದಕ್ಕೂ ಮಾತಿನ ಪರವಾಗಿ ಬರೆದವರು, ವಾದಿಸಿದವರು. ಮೊದಲು ಹಿಂಜರಿದರು. ಆಮೇಲೆ ಬಂಧುಗಳ ಪರ ನಿಂತರು. ಇದು ದೊಡ್ಡ ತಿರುವು. ಅವರು ಬಂದ ಮೇಲೆ ವಾದದ ದಿಕ್ಕು ಖಚಿತವಾಯಿತು. "ಈ ಪುಸ್ತಕ ಜನರನ್ನು ಕೆರಳಿಸಿತು" ಅನ್ನುವ ದಾರಿ ಹಿಡಿಯಲಿಲ್ಲ. ಹಿಡಿದಿದ್ದರೆ 1969ರ ತೀರ್ಪಿನ ಗೋಡೆಗೆ ಹೋಗಿ ಗುದ್ದಬೇಕಿತ್ತು. "ಈ ಪ್ರಕಾಶಕರು ಕೊಲೆಗೆ ನೆರವು ಕೊಟ್ಟರು" ಅನ್ನುವ ದಾರಿ ಹಿಡಿದರು.

ಆಗ ಪ್ರಕಾಶಕರ ಕಡೆಯವರು ಒಂದು ನಿರ್ಧಾರ ತೆಗೆದುಕೊಂಡರು. ನನ್ನ ಪ್ರಕಾರ ಇಡೀ ಮೊಕದ್ದಮೆ ತಿರುಗಿದ್ದು ಇಲ್ಲೇ.

ಅವರಿಗೆ ಜ್ಯೂರಿಯ ಮುಂದೆ, ಅಂದರೆ ತೀರ್ಮಾನ ಕೊಡಲು ಕೋರ್ಟು ಆರಿಸಿದ ಸಾಮಾನ್ಯ ನಾಗರಿಕರ ಮುಂದೆ, ಹೋಗಲು ಇಷ್ಟವಿರಲಿಲ್ಲ. ಸತ್ತ ಮಗುವಿನ ಕಥೆ ಕೇಳಿದ ಅವರು ಏನು ತೀರ್ಮಾನ ಕೊಡುತ್ತಾರೆ ಅಂತ ಊಹಿಸುವುದು ಕಷ್ಟವೇನಲ್ಲ. ತಮ್ಮ ಕಡತ, ಪತ್ರ, ಲೆಕ್ಕ ಎಲ್ಲವನ್ನೂ ಎದುರಾಳಿಗೆ ತೆರೆದಿಡುವುದೂ ತಪ್ಪಬೇಕಿತ್ತು. ವಿಚಾರಣೆ ಇಲ್ಲದೆಯೇ ಬರೀ ಕಾನೂನಿನ ಪ್ರಶ್ನೆಯ ಮೇಲೆ ಜಡ್ಜ್ ತೀರ್ಪು ಕೊಡಲಿ ಅಂತ ಅವರ ಆಸೆ. ಅದಕ್ಕಾಗಿ ಎರಡೂ ಕಡೆಯವರು ಒಪ್ಪಿದ ಸಂಗತಿಗಳ ಒಂದು ದಾಖಲೆ ಸಿದ್ಧವಾಯಿತು. ಅದರಲ್ಲಿ ಪ್ರಕಾಶಕರು ಒಪ್ಪಿಕೊಂಡದ್ದನ್ನು ಓದಿದರೆ ಇವತ್ತಿಗೂ ಬೆರಗಾಗುತ್ತದೆ. ಈ ಪುಸ್ತಕವನ್ನು ಅಪರಾಧಿಗಳು ಮತ್ತು ಅಪರಾಧ ಮಾಡಲು ಹೊರಟವರು ಸುಪಾರಿ ಕೊಲೆ ಯೋಜಿಸಲು, ನಡೆಸಲು ಬಳಸುತ್ತಾರೆ ಅಂತ ತಮಗೆ ಗೊತ್ತಿತ್ತು, ಅದು ತಮ್ಮ ಉದ್ದೇಶವೂ ಆಗಿತ್ತು ಅಂತ ಅವರು ಒಪ್ಪಿಕೊಂಡರು. ಈ ಕೊಲೆಗಾರನಿಗೆ ತಮ್ಮ ಪುಸ್ತಕದಿಂದ ನೆರವಾಯಿತು ಅನ್ನುವುದನ್ನೂ ಒಪ್ಪಿಕೊಂಡರು. ಅದೇ ದಾಖಲೆಯಲ್ಲಿ, ತಾವು ಎಲ್ಲರಿಗೂ ಮಾರುತ್ತೇವೆ, ಬರಹಗಾರರು, ಪೊಲೀಸರು, ಅಪರಾಧ ಶಾಸ್ತ್ರ ಓದುವವರು, ಸುಮ್ನೆ ಕುತೂಹಲದಿಂದ ಓದುವವರು ಕೂಡ ಕೊಳ್ಳುತ್ತಾರೆ ಅಂತಲೂ ಸೇರಿಸಿದ್ದರು.

ಯಾಕೆ ಹೀಗೆ ಒಪ್ಪಿಕೊಂಡರು? ಮೊದಲ ತಿದ್ದುಪಡಿ ಎಷ್ಟು ಬಲವಾಗಿದೆ ಅಂದರೆ ಉದ್ದೇಶ ಕೆಟ್ಟದ್ದೇ ಆಗಿದ್ದರೂ ನಾವು ಗೆಲ್ಲುತ್ತೇವೆ ಅಂತ ಅವರ ನಂಬಿಕೆ. ಆ ಒಪ್ಪಿಗೆ ಈ ಒಂದು ಅರ್ಜಿಯ ಮಟ್ಟಿಗೆ ಮಾತ್ರ, ಮುಂದೆ ವಿಚಾರಣೆ ನಡೆದರೆ ಅನ್ವಯಿಸುವುದಿಲ್ಲ ಅನ್ನುವ ಷರತ್ತೂ ಇತ್ತು. ತಂತ್ರವಾಗಿ ನೋಡಿದರೆ ಅರ್ಥವಾಗುತ್ತದೆ. ಆದರೆ ಕೋರ್ಟಿನ ಮುಂದೆ ಇಟ್ಟ ಮಾತು ತಂತ್ರವಾಗಿ ಮಾತ್ರ ಉಳಿಯುವುದಿಲ್ಲ. ಅದು ತೀರ್ಪಿನ ತಳಪಾಯವಾಗುತ್ತದೆ.

ಏನಾಯಿತು

ಮೊದಲ ಸುತ್ತಿನಲ್ಲಿ ಪ್ರಕಾಶಕರೇ ಗೆದ್ದರು. 1996ರಲ್ಲಿ ಮೇರಿಲ್ಯಾಂಡಿನ ಫೆಡರಲ್ ಜಿಲ್ಲಾ ಕೋರ್ಟು ದಾವೆಯನ್ನು ವಜಾ ಮಾಡಿತು. ಪುಸ್ತಕದ ಬಗ್ಗೆ ಜಡ್ಜ್‌ಗೆ ಒಂದಿಷ್ಟೂ ಗೌರವ ಇರಲಿಲ್ಲ, ಅದನ್ನು ತೀರ್ಪಿನಲ್ಲಿ ಮುಚ್ಚಿಡಲೂ ಇಲ್ಲ. ಆದರೂ 1969ರ ಅಳತೆಗೋಲಿನ ಪ್ರಕಾರ ಇದು ರಕ್ಷಣೆ ಇರುವ ಮಾತು, ತಕ್ಷಣ ಕೊಲೆ ಮಾಡಿ ಅಂತ ಇದು ಯಾರಿಗೂ ಹೇಳುತ್ತಿಲ್ಲ ಅಂದರು. ತನಗೆ ಅಸಹ್ಯವಾದ ಪುಸ್ತಕದ ಪರವಾಗಿ ತೀರ್ಪು ಬರೆಯುವುದು ಸುಲಭವಲ್ಲ. ಆ ತೀರ್ಪು ಸರಿಯಿಲ್ಲ ಅಂತ ನನಗೆ ಅನ್ನಿಸಿದರೂ ಅದರ ಹಿಂದಿನ ಪ್ರಾಮಾಣಿಕತೆ ನನಗೆ ಕಾಣುತ್ತದೆ.

ಬಂಧುಗಳು ಮೇಲ್ಮನವಿ ಹಾಕಿದರು. ಈ ಹೊತ್ತಿಗೆ ದೇಶದ ದೊಡ್ಡ ಪತ್ರಿಕೆಗಳು, ಟಿವಿ ಸಂಸ್ಥೆಗಳು, ಪ್ರಕಾಶಕರು ಪುಸ್ತಕದ ಪರವಾಗಿ ಕೋರ್ಟಿಗೆ ತಮ್ಮ ಅಭಿಪ್ರಾಯ ಸಲ್ಲಿಸಿದರು. ಅವರಿಗೆ ಈ ಪುಸ್ತಕದ ಮೇಲೆ ಪ್ರೀತಿ ಇತ್ತು ಅಂತಲ್ಲ. ಇವತ್ತು ಇವರು ಸೋತರೆ ನಾಳೆ ಒಂದು ಅಪರಾಧ ವರದಿ ನೋಡಿ ಯಾರೋ ಅದೇ ರೀತಿ ಮಾಡಿದಾಗ ನಮ್ಮ ಮೇಲೂ ದಾವೆ ಬರುತ್ತದೆ ಅನ್ನುವ ಭಯ. ನ್ಯಾಯವಾದ ಭಯವೇ ಅದು.

1997ರ ನವೆಂಬರ್‌ನಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿರುವ ನಾಲ್ಕನೇ ಸರ್ಕ್ಯೂಟ್ (ಕೆಲವು ರಾಜ್ಯಗಳು ಸೇರಿದ ಒಂದು ವಲಯ) ಮೇಲ್ಮನವಿ ಕೋರ್ಟು ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಮೂವರು ಜಡ್ಜ್‌ಗಳೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು. ಈ ತೀರ್ಪು ಶುರುವಾಗುವುದೇ ಆ ಪುಸ್ತಕದಿಂದ ಆಯ್ದ ಭಾಗಗಳಿಂದ. ಪುಟಗಟ್ಟಲೆ ಉದ್ಧರಣೆ. ಆದರೆ ಆ ಉದ್ಧರಣೆಗಳ ಮಧ್ಯೆಯೂ ಕೆಲವು ಸಾಲುಗಳನ್ನು ಬಿಟ್ಟಿದ್ದೇವೆ, ಅವನ್ನು ಇಲ್ಲಿ ಮತ್ತೆ ಅಚ್ಚು ಹಾಕಿದರೆ ಜನರಿಗೆ ಅಪಾಯ ಅಂತ ಜಡ್ಜ್‌ಗಳು ಬರೆದರು. ಒಂದು ಪುಸ್ತಕ ಎಷ್ಟರ ಮಟ್ಟಿಗೆ ಮಾತು, ಎಷ್ಟರ ಮಟ್ಟಿಗೆ ಸಲಕರಣೆ ಅಂತ ತೀರ್ಮಾನಿಸಲು ಕೂತವರು, ಅದನ್ನು ಉದ್ಧರಿಸುವಾಗಲೇ ಆ ಪ್ರಶ್ನೆ ಎದುರಿಸಬೇಕಾಯಿತು.

ಕೋರ್ಟು ಹೇಳಿದ್ದು ಸಂಕ್ಷೇಪವಾಗಿ ಹೀಗೆ. 1969ರ ಅಳತೆಗೋಲು ಇರುವುದು ಅಪರಾಧದ ಪರವಾಗಿ ವಾದಿಸುವ ಮಾತನ್ನು ಕಾಪಾಡಲು. ಕಾನೂನು ಮುರಿಯುವುದು ಸರಿ ಅಂತ ತಾತ್ವಿಕವಾಗಿ ಹೇಳುವುದು ಬೇರೆ, ಮುರಿಯುವವನಿಗೆ ಹೆಜ್ಜೆ ಹೆಜ್ಜೆಗೂ ಕೈ ಹಿಡಿದು ಹೇಳಿಕೊಡುವುದು ಬೇರೆ. ಎರಡನೆಯದು ನೆರವಿಗೆ ಸಮ. ಅದು ಪುಸ್ತಕದ ರೂಪದಲ್ಲಿ ಬಂತು ಅನ್ನುವ ಒಂದೇ ಕಾರಣಕ್ಕೆ ರಕ್ಷಣೆ ಸಿಗುವುದಿಲ್ಲ.

ಜೊತೆಗೆ ಕೋರ್ಟು ಒಂದು ಬೇಲಿಯನ್ನೂ ಹಾಕಿತು. ಪತ್ರಿಕೆಯವರ ಭಯಕ್ಕೆ ಉತ್ತರ ಇರುವುದು ಇಲ್ಲೇ. ಯಾರೋ ದುರುಪಯೋಗ ಮಾಡಿಕೊಳ್ಳಬಹುದು ಅಂತ ಊಹಿಸಬಹುದಾಗಿತ್ತು ಅನ್ನುವುದು ಸಾಲುವುದಿಲ್ಲ. ಮಾಡಿಕೊಳ್ಳುತ್ತಾರೆ ಅಂತ ಗೊತ್ತಿದ್ದರೂ ಸಾಲದೇ ಹೋಗಬಹುದು. ಅಪರಾಧಕ್ಕೆ ನೆರವಾಗಲಿ ಅನ್ನುವ ಉದ್ದೇಶವೇ ಇರಬೇಕು. ಸುದ್ದಿ, ಸಿನಿಮಾ, ಪತ್ತೇದಾರಿ ಕಾದಂಬರಿಗಳಲ್ಲಿ ಆ ಉದ್ದೇಶ ಇತ್ತು ಅಂತ ಸಾಬೀತು ಮಾಡುವುದು ಹೆಚ್ಚುಕಮ್ಮಿ ಅಸಾಧ್ಯ ಅಂತ ಕೋರ್ಟು ಹೇಳಿತು.

ಇಲ್ಲಿ ಉದ್ದೇಶವನ್ನು ಪ್ರಕಾಶಕರೇ ಒಪ್ಪಿಕೊಂಡಿದ್ದರು. ಕೋರ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಒಪ್ಪಿಗೆಯನ್ನು ಪಕ್ಕಕ್ಕಿಟ್ಟರೂ ಜ್ಯೂರಿ ಆ ಉದ್ದೇಶವನ್ನು ಕಾಣಬಹುದು ಎಂದಿತು. ಪುಸ್ತಕ ಯಾರಿಗೆ ಅಂತ ಪುಸ್ತಕವೇ ಹೇಳುತ್ತದೆ. ಮಾರಾಟ ಮಾಡಿದ ರೀತಿ ಅದನ್ನೇ ಹೇಳುತ್ತದೆ. ಕೊಲೆ ಮಾಡುವುದನ್ನು ಬಿಟ್ಟರೆ ಆ ಸೂಚನೆಗಳಿಗೆ ಬೇರೆ ಉಪಯೋಗವೇ ಕಾಣುವುದಿಲ್ಲ. ಮಾಹಿತಿಗಾಗಿ ಮಾತ್ರ, ಅಧ್ಯಯನಕ್ಕೆ ಮಾತ್ರ ಅನ್ನುವ ಎಚ್ಚರಿಕೆ ಸಾಲುಗಳು ಪುಸ್ತಕದಲ್ಲಿ ಇದ್ದವು. ಅವನ್ನು ಜ್ಯೂರಿ ನಂಬಲೇಬೇಕಂತಿಲ್ಲ ಅಂತ ಕೋರ್ಟು ಹೇಳಿತು. ಸೂಚನೆ ಕೊಡುವುದರ ಜೊತೆಗೆ ಪುಸ್ತಕ ಓದುವವನ ಅಳುಕನ್ನು ತೆಗೆಯುತ್ತದೆ, ಮನಸ್ಸು ಗಟ್ಟಿ ಮಾಡುತ್ತದೆ, ಮೊದಲ ಕೊಲೆಯ ನಂತರ ನಿನಗೆ ಹೀಗನ್ನಿಸುತ್ತದೆ ಅಂತ ಹುರಿದುಂಬಿಸುತ್ತದೆ. ಈ ಭಾಗಗಳ ಬಗ್ಗೆ ಕೋರ್ಟು ಬಹಳ ಹೊತ್ತು ನಿಂತು ಬರೆದಿದೆ. ರಸಾಯನಶಾಸ್ತ್ರದ ಪಠ್ಯಪುಸ್ತಕ ಯಾರ ಭುಜವನ್ನೂ ತಟ್ಟುವುದಿಲ್ಲ, ಅಲ್ವಾ?

1998ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಕಾರಣ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಅದಕ್ಕಿಲ್ಲ. ಕೇಸು ವಾಪಸು ಕೆಳಗಿನ ಕೋರ್ಟಿಗೆ ಬಂತು. ಈಗ ಪ್ರಕಾಶಕರು ಯಾವುದನ್ನು ತಪ್ಪಿಸಲು ಅಷ್ಟೆಲ್ಲ ಒಪ್ಪಿಕೊಂಡಿದ್ದರೋ ಅದೇ ಎದುರಿಗೆ ಬಂತು: ಜ್ಯೂರಿ ವಿಚಾರಣೆ.

ಅದು ನಡೆಯಲಿಲ್ಲ. 1999ರ ಮೇ ತಿಂಗಳಲ್ಲಿ, ವಿಚಾರಣೆ ಶುರುವಾಗಲು ಇನ್ನು ಕೆಲವೇ ದಿನ ಇರುವಾಗ ರಾಜಿಯಾಯಿತು. ಒಂದು ತಿಂಗಳ ಹಿಂದಷ್ಟೇ, ಪ್ರಕಾಶಕರದೇ ರಾಜ್ಯವಾದ ಕೊಲೊರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಿದ್ದರು. ಆ ವಾತಾವರಣದಲ್ಲಿ ಜ್ಯೂರಿ ಮುಂದೆ ನಿಲ್ಲಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ವಿಮಾ ಕಂಪನಿಯೇ ರಾಜಿಗೆ ಒತ್ತಾಯಿಸಿತು ಅಂತ ಪ್ರಕಾಶಕರ ಕಡೆಯಿಂದ ಹೇಳಿಕೆ ಬಂತು. ಬಂಧುಗಳಿಗೆ ಹಲವು ಮಿಲಿಯನ್ ಡಾಲರ್ ಪರಿಹಾರ, ಪುಸ್ತಕದ ಮಾರಾಟಕ್ಕೆ ಪೂರ್ಣವಿರಾಮ, ಉಳಿದಿದ್ದ ಸುಮಾರು 700 ಪ್ರತಿಗಳ ನಾಶ. ಹೊಸ ಪ್ರತಿ ಅಚ್ಚಾಗಲಿಲ್ಲ. ಆದರೆ ಪುಸ್ತಕದ ಪಠ್ಯ ಇಂಟರ್ನೆಟ್‌ಗೆ ಸೇರಿತು. ಮೊದಲು ದುಡ್ಡು ಕೊಟ್ಟು ಅಂಚೆಗೆ ಕಾಯಬೇಕಿತ್ತು, ಈಗ ಅದೂ ಬೇಕಾಗಲಿಲ್ಲ.

ಅದೇ ವರ್ಷ ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು. ಬಾಂಬು ತಯಾರಿಸುವುದನ್ನು, ಅದು ಹಿಂಸೆಯ ಅಪರಾಧಕ್ಕೆ ಬಳಕೆಯಾಗಲಿ ಅನ್ನುವ ಉದ್ದೇಶದಿಂದ ಕಲಿಸುವುದು ಅಪರಾಧ ಅಂತ ಅದು ಹೇಳುತ್ತದೆ. 20 ವರ್ಷದ ತನಕ ಶಿಕ್ಷೆ. ಬರೀ ಮಾಹಿತಿ ಕೊಟ್ಟರೆ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಅದು ಅಪರಾಧಕ್ಕೆ ಬಳಕೆಯಾಗಲಿ ಅನ್ನುವ ಉದ್ದೇಶ ಇರಬೇಕು, ಇಲ್ಲವೇ ಕಲಿಯುವವನ ಉದ್ದೇಶ ಗೊತ್ತಿದ್ದೂ ಕಲಿಸಿರಬೇಕು.

ಇದರಿಂದ ಏನು ಕಲಿಯಬಹುದು

ಮೊದಲು, ಈ ಕೇಸಿನಲ್ಲಿ ಏನು ತೀರ್ಮಾನ ಆಗಲಿಲ್ಲ ಅನ್ನುವುದನ್ನು ಹೇಳಬೇಕು. ಯಾಕೆಂದರೆ ಇದನ್ನು ಉಲ್ಲೇಖಿಸುವವರು ಜಾಸ್ತಿ ತಪ್ಪುವುದು ಇಲ್ಲೇ. ಪುಸ್ತಕವನ್ನು ಯಾವ ಕೋರ್ಟೂ ನಿಷೇಧಿಸಲಿಲ್ಲ. ಪ್ರಕಾಶಕರು ಹೊಣೆ ಅಂತ ಯಾವ ಜ್ಯೂರಿಯೂ ತೀರ್ಪು ಕೊಡಲಿಲ್ಲ. ಮೇಲ್ಮನವಿ ಕೋರ್ಟು ಹೇಳಿದ್ದು ಇಷ್ಟೇ: ಮೊದಲ ತಿದ್ದುಪಡಿ ಈ ದಾವೆಗೆ ಬಾಗಿಲಲ್ಲೇ ತಡೆ ಒಡ್ಡುವುದಿಲ್ಲ, ವಿಚಾರಣೆ ನಡೆಯಲಿ. ಆ ಮಾತು ಕಟ್ಟುಪಾಡಾಗುವುದೂ ಆ ಸರ್ಕ್ಯೂಟಿನ ಐದು ರಾಜ್ಯಗಳಿಗೆ ಮಾತ್ರ. ಸುಪ್ರೀಂ ಕೋರ್ಟ್ ಕೇಸನ್ನು ತಗೊಳ್ಳಲಿಲ್ಲ ಅನ್ನುವುದನ್ನು ಅದು ಒಪ್ಪಿತು ಅಂತ ಓದುವುದು ತಪ್ಪು.

ನನ್ನ ಮಟ್ಟಿಗೆ ಈ ಕೇಸಿನ ತಿರುಳು ಉದ್ದೇಶ. ಪುಸ್ತಕದಲ್ಲಿ ಏನಿದೆ ಅನ್ನುವುದರ ಮೇಲೆ ಗೆರೆ ಎಳೆಯಲು ಹೋದರೆ ಕೈಗೆ ಸಿಗುವುದು ಬರೀ ಗೊಂದಲ. ವಿಷದ ಬಗ್ಗೆ ಬರೆದದ್ದು ವೈದ್ಯರಿಗೂ ಬೇಕು, ಕಾದಂಬರಿಕಾರರಿಗೂ ಬೇಕು. ಬೀಗ ತೆಗೆಯುವ ವಿದ್ಯೆ ಬೀಗ ರಿಪೇರಿ ಮಾಡುವವರ ಹೊಟ್ಟೆಪಾಡು. ಕೊಲೆಗಾರ ಹೇಗೆ ಸುಳಿವು ಅಳಿಸುತ್ತಾನೆ ಅನ್ನುವುದನ್ನು ಕಲಿಯದ ಪೊಲೀಸ್ ಅಧಿಕಾರಿ ಕೆಲಸಕ್ಕೆ ಬರುವುದಿಲ್ಲ. ಮಾಹಿತಿಯನ್ನೇ ಅಪರಾಧ ಮಾಡಿದರೆ ಇವರೆಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಪರಿಣಾಮದ ಮೇಲೆ ಗೆರೆ ಎಳೆದರೂ ಕಷ್ಟ. ಯಾವ ಓದುಗ ಏನು ಮಾಡುತ್ತಾನೆ ಅಂತ ಯಾವ ಬರಹಗಾರನಿಗೂ ಮುಂಚೆ ಗೊತ್ತಿರುವುದಿಲ್ಲ.

1991ರ ಇನ್ನೊಂದು ತೀರ್ಪನ್ನು ಪಕ್ಕಕ್ಕಿಟ್ಟು ನೋಡಿ. ಅಣಬೆಗಳ ಬಗ್ಗೆ ಒಂದು ಕೋಶ. ಅದನ್ನು ನಂಬಿ ಅಣಬೆ ಕಿತ್ತು ತಿಂದ ಇಬ್ಬರಿಗೆ ಪಿತ್ತಜನಕಾಂಗದ ಕಸಿ ಮಾಡಬೇಕಾಗಿ ಬಂತು. ಪುಸ್ತಕದ ಮಾಹಿತಿ ತಪ್ಪಿತ್ತು ಅಂತ ಅವರ ದೂರು. ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು, ಪ್ರಕಾಶಕರು ಹೊಣೆಯಲ್ಲ ಅಂದಿತು. ಲೇಖಕರು ಬರೆದ ಪ್ರತಿಯೊಂದನ್ನೂ ಪರೀಕ್ಷಿಸುವ ಕರ್ತವ್ಯವನ್ನು ಪ್ರಕಾಶಕರ ಮೇಲೆ ಹೊರಿಸಿದರೆ ಯಾರೂ ಪುಸ್ತಕ ಮಾಡಲು ಮುಂದೆ ಬರುವುದಿಲ್ಲ ಅನ್ನುವುದು ಅದರ ಹಿಂದಿನ ಯೋಚನೆ. ಅಲ್ಲಿ ಪುಸ್ತಕದಿಂದಲೇ ನೇರವಾಗಿ ಹಾನಿಯಾಯಿತು, ಪ್ರಕಾಶಕರು ಬಚಾವಾದರು. ಇಲ್ಲಿ ಹಾನಿ ಮಾಡಿದವನು ಮೂರನೆಯವನು, ಪ್ರಕಾಶಕರು ಸಿಕ್ಕಿಬಿದ್ದರು. ಮೇಲ್ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ಉದ್ದೇಶದ ಕಣ್ಣಿನಿಂದ ನೋಡಿದರೆ ಎರಡೂ ಸರಿ ಕೂತುಕೊಳ್ಳುತ್ತವೆ. ಅಣಬೆ ಪುಸ್ತಕದವರು ಯಾರಿಗೂ ಕೆಟ್ಟದಾಗಲಿ ಅಂತ ಬಯಸಿರಲಿಲ್ಲ.

ಪ್ರಕಟಣೆಯ ಕೆಲಸದಲ್ಲಿರುವವರಿಗೆ ಇದರಲ್ಲಿ ನೇರ ಪಾಠ ಇದೆ. ಉದ್ದೇಶ ಕಾಣುವುದು ಮುನ್ನುಡಿಯ ಎಚ್ಚರಿಕೆ ಸಾಲಿನಲ್ಲಲ್ಲ. ಕ್ಯಾಟಲಾಗ್‌ನಲ್ಲಿ ಏನು ಬರೆದಿರಿ, ಜಾಹೀರಾತು ಎಲ್ಲಿ ಕೊಟ್ಟಿರಿ, ಲೇಖಕರಿಗೆ "ಹೀಗೆ ಬದಲಾಯಿಸಿ" ಅಂತ ಏನು ಹೇಳಿದಿರಿ, ಅಲ್ಲಿ ಕಾಣುತ್ತದೆ. ಕಾದಂಬರಿಯನ್ನು ಕೈಪಿಡಿ ಮಾಡಿ ಅಂದ ಆ ಸಲಹೆ ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ಸಂಪಾದಕರ ಮೇಜಿನ ಮೇಲೆ ತೆಗೆದುಕೊಂಡ ಸಣ್ಣ ನಿರ್ಧಾರ ಅದು. ಮಾರಾಟ ಜಾಸ್ತಿ ಆಗಲಿ ಅಂತ ತೆಗೆದುಕೊಂಡದ್ದು ಇರಬೇಕು.

ಆದರೂ ಈ ತೀರ್ಪಿನ ಬಗ್ಗೆ ನನಗೆ ಎರಡು ಆತಂಕ ಇವೆ.

ಒಂದು, "ಅಪರಾಧ" ಅನ್ನುವುದು ಒಂದೇ ಕಡೆ ನಿಲ್ಲುವ ಗೂಟವಲ್ಲ. ಕೊಲೆ ಎಲ್ಲ ಕಾಲಕ್ಕೂ ಕೊಲೆ. ಆದರೆ ನಿನ್ನೆ ಹಕ್ಕಾಗಿದ್ದದ್ದು ಇವತ್ತು ಅಪರಾಧ ಆಗಬಹುದು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ಅದರ ಬೆನ್ನಿಗೇ ಸೌತ್ ಕೆರೊಲಿನಾದಲ್ಲಿ, ಗರ್ಭಪಾತಕ್ಕೆ ಬಳಕೆಯಾಗುವಂತೆ ಅದರ ಬಗ್ಗೆ ಮಾಹಿತಿ ಕೊಡುವುದನ್ನೂ ಅಪರಾಧ ಮಾಡುವ ಮಸೂದೆ ಬಂತು. ಅದು ಕಾನೂನಾಗಲಿಲ್ಲ. ಆದರೆ ಆ ರಾಜ್ಯ ಇದೇ ನಾಲ್ಕನೇ ಸರ್ಕ್ಯೂಟಿನಲ್ಲಿದೆ. ಕೊಲೆಯ ಕೈಪಿಡಿಗೆ ಮಾಡಿದ ನಿಯಮವನ್ನು ಒಬ್ಬ ಹೆಣ್ಣುಮಗಳಿಗೆ ಆರೋಗ್ಯದ ಮಾಹಿತಿ ಕೊಟ್ಟವರ ಮೇಲೆ ಬಳಸಬಹುದಾ ಅನ್ನುವ ಪ್ರಶ್ನೆ ಬರೀ ಕಲ್ಪನೆಯಾಗಿ ಉಳಿದಿಲ್ಲ. "ಉದ್ದೇಶ ಇತ್ತು" ಅಂತ ಅಲ್ಲಿ ಸುಲಭವಾಗಿ ಸಾಬೀತಾಗುತ್ತದೆ, ಯಾಕೆಂದರೆ ಅವರು ನಿಜವಾಗಿಯೂ ನೆರವಾಗಬೇಕು ಅಂತಲೇ ಬರೆದಿರುತ್ತಾರೆ. ಅದಕ್ಕೆ ಈ ನಿಯಮವನ್ನು ಹಿಂಸೆಯ ಅಪರಾಧಗಳಿಗೆ ಮಾತ್ರ ಸೀಮಿತ ಮಾಡಬೇಕು ಅಂತ ನನ್ನ ಗಟ್ಟಿಯಾದ ಅಭಿಪ್ರಾಯ. 1999ರ ಬಾಂಬ್ ಕಾನೂನು ಕೂಡ ಹಿಂಸೆಯ ಅಪರಾಧದ ಸುತ್ತಲೇ ಕಟ್ಟಿದ್ದು.

ಇನ್ನೊಂದು ಆತಂಕ ಸಮಯದ್ದು, ದುಡ್ಡಿನದು. 1995ರಲ್ಲಿ ಲೂಸಿಯಾನಾದಲ್ಲಿ ಒಂದು ಯುವ ಜೋಡಿ ಅಂಗಡಿಯೊಂದರ ಕೆಲಸಗಾರ್ತಿಗೆ ಗುಂಡು ಹೊಡೆಯಿತು. ಒಂದು ಹಾಲಿವುಡ್ ಸಿನಿಮಾ ನೋಡಿ ಅದನ್ನೇ ಅನುಕರಿಸಿದರು ಅಂತ ಸಿನಿಮಾ ಮಾಡಿದವರ ಮೇಲೆ ದಾವೆ ಆಯಿತು. 1998ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಇದೇ ಕೈಪಿಡಿ ತೀರ್ಪನ್ನು ಆಧಾರವಾಗಿಟ್ಟುಕೊಂಡು, ಉದ್ದೇಶ ಇತ್ತು ಅಂತ ಆರೋಪ ಇದೆ, ದಾವೆ ಮುಂದುವರಿಯಲಿ ಅಂದಿತು. ಪತ್ರಿಕೆಯವರು ಹೆದರಿದ್ದು ಇದಕ್ಕೇ. ಕೊನೆಗೆ 2001ರಲ್ಲಿ ಅಂಥ ಉದ್ದೇಶಕ್ಕೆ ಯಾವ ಸಾಕ್ಷಿಯೂ ಇಲ್ಲ ಅಂತ ದಾವೆ ವಜಾ ಆಯಿತು. ಬೇಲಿ ಗಟ್ಟಿಯಾಗಿಯೇ ನಿಂತಿತು. ಆದರೆ ಅಲ್ಲಿಗೆ ಮುಟ್ಟಲು ವರ್ಷಗಟ್ಟಲೆ ವಕೀಲರ ಖರ್ಚು ಬೇಕಾಯಿತು. ದೊಡ್ಡ ಸ್ಟುಡಿಯೋ ತಡೆದುಕೊಳ್ಳುತ್ತದೆ. ಇಬ್ಬರೋ ಮೂವರೋ ಸೇರಿ ನಡೆಸುವ ಪ್ರಕಾಶನ ಗೆಲ್ಲುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಹಾಗಾಗಿ ಉದ್ದೇಶದ ಸಾಕ್ಷಿ ಏನಿದೆ ತೋರಿಸಿ ಅಂತ ದಾವೆ ಹೂಡಿದವರನ್ನು ಕೋರ್ಟುಗಳು ಮೊದಲ ಹಂತದಲ್ಲೇ ಕೇಳಬೇಕು. ಜಾಹೀರಾತು, ಕ್ಯಾಟಲಾಗ್, ಪುಸ್ತಕದ ಸಾಲುಗಳು, ಏನಾದರೂ ಒಂದು ಕಾಗದದ ಮೇಲೆ ಕಾಣಬೇಕು. ಆ ಕೈಪಿಡಿಯ ವಿರುದ್ಧ ಅಂಥ ಕಾಗದಗಳು ಮೊದಲ ದಿನದಿಂದಲೇ ಇದ್ದವು. ಸಿನಿಮಾದವರ ವಿರುದ್ಧ ಆರು ವರ್ಷ ಕಳೆದರೂ ಒಂದೂ ಸಿಗಲಿಲ್ಲ.